ಸದ್ದಿಲ್ಲದೆ ಏಳುವ ಶಟರ್

ಬೀದಿ ದೀಪಗಳು ಇನ್ನೂ ಆರಿಲ್ಲ. ಇಸ್ತ್ರಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು, ಕಬ್ಬಿಣದ ಶಟರಿನ ಅಡಿಗೆ ಎರಡೂ ಕೈ ತೂರಿಸಿ, ಉಸಿರು ಬಿಗಿಹಿಡಿದು ಮೇಲಕ್ಕೆ ಎತ್ತುತ್ತಿದ್ದಾರೆ. ಒಂದು ಗೇಣು ಎತ್ತಿ ನಿಲ್ಲಿಸುತ್ತಾರೆ. ಕಿವಿಗೊಡುತ್ತಾರೆ. ಮತ್ತೊಂದು ಗೇಣು. ಎದೆಮಟ್ಟಕ್ಕೆ ಬಂದಾಗ ಆ ಶಟರು ಕಿರ್ ಎನ್ನುವ ಒಂದು ಜಾಗವಿದೆ. ಅಲ್ಲಿಗೆ ಬರುತ್ತಿದ್ದಂತೆ ಅವರು ಎಡಭುಜವನ್ನು ತಗಡಿಗೆ ಒತ್ತಿ, ಅಳುವ ಮಗುವನ್ನು ಸಮಾಧಾನ ಮಾಡುವವರ ಹಾಗೆ ನಿಧಾನಕ್ಕೆ ದಾಟಿಸತೊಡಗುತ್ತಾರೆ. ಒಳಗಿನ ಕೋಣೆಯಿಂದ ಒಂದು ಸಣ್ಣ ಕೆಮ್ಮು ಕೇಳುತ್ತದೆ. ಅವರ ಮುಖದ ಬಿಗಿ ಅರ್ಧ ಸಡಿಲಾಗುತ್ತದೆ.

ಬೀದಿಯವರಿಗೆಲ್ಲ ಈಕೆ ಇಸ್ತ್ರಿ ಅಕ್ಕ. ಅಂಗಡಿಯ ಹಿಂದಿನ ಗೋಡೆಗೇ ಆತುಕೊಂಡು ಮನೆ. ಗೋಡೆಯ ಆಚೆ ಅವರ ಗಂಡನ ಮಂಚ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ಮನುಷ್ಯ. ಸಾಲಾಗಿ ಹೊರಟಿದ್ದ ಲಾರಿಗಳಲ್ಲಿ ಮುಂದಿನದು ಅವರ ಕಣ್ಣೆದುರೇ ಸಿಡಿದು ಚೂರಾಯಿತು. ಅದರೊಳಗಿದ್ದವರ ಜೊತೆ ಹಿಂದಿನ ರಾತ್ರಿ ಒಂದೇ ತಟ್ಟೆಯಲ್ಲಿ ಉಂಡಿದ್ದರು. ಇವರು ಮನೆಗೆ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ನೆಂಟರಿಷ್ಟರು ಬಂದು, ಪುಣ್ಯ ಮಾಡಿದ್ದೆ ಕಣಮ್ಮಾ, ಇಡಿಯಾಗಿ ವಾಪಸ್ ಬಂದ ಎಂದು ಹೇಳಿ, ಟೀ ಕುಡಿದು ಹೋದರು.

"ಇಡಿಯಾಗಿ ಬಂದಿದ್ದೇ ತಪ್ಪಾಯ್ತು ನೋಡಿ," ಎನ್ನುತ್ತಾರೆ ಅಕ್ಕ, ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ಒದ್ದೆ ಬೆರಳು ತಾಗಿಸಿ ನೋಡುತ್ತ. "ಒಂದು ಕೈಯೋ ಕಾಲೋ ಹೋಗಿದ್ದರೆ ಎಲ್ಲರಿಗೂ ಕಾಣಿಸೋದು. ಇದು ನನಗೆ, ನಮ್ಮ ಅತ್ತೆಗೆ ಬಿಟ್ಟರೆ ಯಾರಿಗೆ ಕಾಣುತ್ತೆ?"

ಅತ್ತೆಗೆ ಕಂಡದ್ದು ಅಡುಗೆಮನೆಯಲ್ಲಿ. ಕೈಜಾರಿ ಸ್ಟೀಲ್ ತಟ್ಟೆ ಬಿತ್ತು. ಮಗ ಎಲ್ಲಿದ್ದನೋ ಹಾರಿ ಬಂದು ತಾಯಿಯನ್ನು ನೆಲಕ್ಕೆ ಕೆಡವಿ ಮೇಲೆ ಕವುಚಿ ಮಲಗಿಬಿಟ್ಟ. ಮುದುಕಿಯ ಪಕ್ಕೆ ಬಹಳ ದಿನ ನೋಯುತ್ತಿತ್ತು. "ಮೊದಲು ಬಾಯಿಗೆ ಬಂದ ಹಾಗೆ ಬೈದೆ," ಎನ್ನುತ್ತಾರೆ ಅವರು, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಗುಂಡಿ ಹೊಲಿಯುತ್ತ. "ಆಮೇಲೆ ನೋಡ್ತೀನಿ, ಕೈ ನನ್ನ ತಲೆ ಮೇಲಿದೆ. ನನ್ನನ್ನ ಕಾಪಾಡ್ತಾ ಇದಾನೆ. ಏನಂತ ಬೈಯಲಿ?"

ಅಂದಿನಿಂದ ಆ ಮನೆಯಲ್ಲಿ ತಟ್ಟೆಗಳೆಲ್ಲ ಪ್ಲಾಸ್ಟಿಕ್ಕಿನವು. ಕುರ್ಚಿಯ ಕಾಲುಗಳಿಗೆ ಹಳೇ ಕಾಲುಚೀಲ. ಪಕ್ಕದ ಸೈಕಲ್ ಶಾಪಿನವನು ತನ್ನ ಶಟರನ್ನು ಗರ್ರನೆ ಎತ್ತುವ ಮುಂಚೆ, "ಮಾವಾ, ಎತ್ತುತಾ ಇದೀನಿ" ಎಂದು ಕೂಗು ಹಾಕಿಯೇ ಎತ್ತುತ್ತಾನೆ. ಅಕ್ಕನ ಗಂಡ ಮೊದಲೇ ತಿಳಿದರೆ ತಡೆದುಕೊಳ್ಳಬಲ್ಲರು. ಹೇಳದೆ ಬರುವ ಸದ್ದು ಮಾತ್ರ ಅವರನ್ನು ಎತ್ತಿ ಒಗೆಯುತ್ತದೆ.

ಮೇಜಿನ ಮೇಲೆ ಕಂಬಳಿ ಹಾಸಿ ಅಕ್ಕ ಕೆಲಸ ಶುರು ಮಾಡುತ್ತಾರೆ. ಹೋಟೆಲಿನ ಹುಡುಗರ ಶರ್ಟುಗಳು, ನರ್ಸುಗಳ ಕೋಟುಗಳು, ವಸತಿಗೃಹದ ಹಾಸಿಗೆ ಹೊದಿಕೆಗಳ ಒಂದು ಗುಡ್ಡ. ಕಾಲರು ಮೊದಲು, ಆಮೇಲೆ ತೋಳು, ಬೆನ್ನು ಕೊನೆಗೆ. ಅವರು ಎಳೆದ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಆ ಗೆರೆ ಕಲಿಸಿದವರು ಗಂಡನೇ. ರಜೆಗೆ ಬಂದಾಗ ಸಮವಸ್ತ್ರ ಹರಡಿಕೊಂಡು, ಹೊಸದಾಗಿ ಮದುವೆಯಾದ ಹೆಂಡತಿಯ ಕೈಮೇಲೆ ಕೈಯಿಟ್ಟು ಕಲಿಸಿದ್ದರು. ಈಗ ಆ ವಿದ್ಯೆಯೇ ಅನ್ನ ಹಾಕುತ್ತಿದೆ. ಮನೆ ನಡೆಯುತ್ತದೆ. ಆದರೆ ಗಂಡನ ಚಿಕಿತ್ಸೆ ನಡೆಯುವುದಿಲ್ಲ. ಅವರ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂದು ಇಲಾಖೆ ಒಪ್ಪಿಕೊಂಡರೆ ಸೈನ್ಯದ ಆಸ್ಪತ್ರೆಯ ಮನೋವೈದ್ಯರು ಸಿಗುತ್ತಾರೆ, ಅಂಗವೈಕಲ್ಯದ ಪಿಂಚಣಿ ಸಿಗುತ್ತದೆ. ಒಪ್ಪದಿದ್ದರೆ ಎರಡೂ ಇಲ್ಲ. ಮಗಳು ಹೈಸ್ಕೂಲಿಗೆ ಸೇರಿದಾಗ ಹಾಕಿದ ಅರ್ಜಿ. ಮಗಳೀಗ ಕಾಲೇಜು ಮುಗಿಸುತ್ತಿದ್ದಾಳೆ.

ಅರ್ಜಿ ಒಮ್ಮೆ ತಿರಸ್ಕಾರವಾಯಿತು. ಅದರ ಕಥೆ ಹೇಳುವಾಗ ಅಕ್ಕನ ಕೈ ಸುಮ್ಮನೆ ಅದೇ ತೋಳಿನ ಮೇಲೆ ಎರಡೆರಡು ಸಲ ಓಡಾಡುತ್ತದೆ.

ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು ಎಂದು ಕರೆ ಬಂದಿತ್ತು. ದೊಡ್ಡ ಅಧಿಕಾರಿಗಳ ಮುಂದೆ ಗಂಡ ಹೋಗುತ್ತಿದ್ದಾರೆ. ಅಕ್ಕ ಹಿಂದಿನ ಸಂಜೆಯೇ ಬಿಳಿ ಶರ್ಟಿಗೆ ಗಂಜಿ ಹಾಕಿ, ಅಂಗಡಿಯ ಬೇರೆ ಬಟ್ಟೆ ಬದಿಗಿಟ್ಟು, ಜೀವಮಾನದ ಇಸ್ತ್ರಿ ಮಾಡಿದರು. ಬೂಟಿಗೆ ಪಾಲಿಶ್. ಮುಖಕ್ಕೆ ನುಣ್ಣನೆ ಕ್ಷೌರ. ಗಂಡ ಒಳಗೆ ಹೋಗಿ, ಎದೆ ಸೆಟೆಸಿ ನಿಂತರು. ಹೇಗಿದ್ದೀರಿ ಎಂದು ಅಧಿಕಾರಿ ಕೇಳಿದರು. ಸೈನ್ಯದಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. "ಚೆನ್ನಾಗಿದ್ದೀನಿ ಸರ್."

ಉಡುಪು ಅಚ್ಚುಕಟ್ಟು, ಮಾತು ಸ್ಥಿರ, ತೊಂದರೆ ಕಂಡುಬರಲಿಲ್ಲ. ಇಲಾಖೆಯ ಕೌಂಟರಿನಲ್ಲಿದ್ದ ಹೆಂಗಸು ಮಂಡಳಿಯ ವರದಿಯಿಂದ ಅಷ್ಟನ್ನು ಓದಿ ಹೇಳಿ ಮುಂದಿನವರನ್ನು ಕರೆದರು. ಎಲ್ಲಿ ತಪ್ಪಿತೆಂದು ಅಕ್ಕನಿಗೆ ಹೊಳೆಯಲಿಲ್ಲ. ಬಿಡಿಸಿ ಹೇಳಿದವರು ಅವರ ಗಿರಾಕಿಯಾದ ಒಬ್ಬ ನಿವೃತ್ತ ನರ್ಸಮ್ಮ. ಕಥೆಯೆಲ್ಲ ಕೇಳಿ, ಹಣೆ ಚಚ್ಚಿಕೊಂಡು ಆಕೆ ಅಂದರಂತೆ, "ನೀನು ರೋಗೀನ ಕಳಿಸಲಿಲ್ಲ ಕಣಮ್ಮ. ಒಂದು ಶರ್ಟ್ ಕಳಿಸಿದೆ."

ಮೇಲ್ಮನವಿ ಹಾಕಿದರು. ಮತ್ತೆ ಕಾಯುವುದು.

ಕಾಯುವುದು ಒಂದು ಕೆಲಸ, ಅದಕ್ಕೆ ರಜೆಯಿಲ್ಲ. ಇಲಾಖೆಯ ಫೋನು ಯಾವ ನಂಬರಿನಿಂದ ಬರುತ್ತದೋ ಗೊತ್ತಿಲ್ಲ. ಒಮ್ಮೆ ಎತ್ತಲಾಗದೆ ಹೋಗಿ, ಸಾಲಿನ ಹಿಂದಕ್ಕೆ ಬಿದ್ದದ್ದಾಗಿದೆ. ಗಂಡನಿಗೆ ಬೆಲ್ಲಿನ ಸದ್ದು ಆಗದು. ಹಾಗಾಗಿ ಫೋನನ್ನು ನಡುಗುವುದಕ್ಕಷ್ಟೇ ಬಿಟ್ಟು ಏಪ್ರನ್ನಿನ ಕಿಸೆಯಲ್ಲಿ ಹೊಟ್ಟೆಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಈಗೀಗ ಅದು ನಡುಗದಿದ್ದಾಗಲೂ ಹೊಟ್ಟೆ ನಡುಗುತ್ತದೆ. ಸ್ನಾನ ಮಾಡುವಾಗಲೂ. ಒಂದು ದಿನ ಹಾಗೇ ಕೈ ಕಿಸೆಗೆ ಹಾರಿ, ಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು, ಒಬ್ಬರ ಹೊಸ ಶರ್ಟಿನ ಬೆನ್ನು ಸುಟ್ಟು ಕಂದಿತು. "ಮೂರು ಮೂಲೆ, ನಡುವೆ ಪೆಟ್ಟಿಗೆಯ ಹಬೆ ತೂತುಗಳ ಸಾಲು. ಥೇಟ್ ಮೊಹರು ಒತ್ತಿದ ಹಾಗೆ," ಎಂದು ಅಕ್ಕ ನಗುತ್ತಾರೆ. "ಅರ್ಜಿ ಮೇಲೆ ಬೀಳಬೇಕಾದ್ದು ಪಾಪ ಅವರ ಬೆನ್ನ ಮೇಲೆ ಬಿತ್ತು." ಮೊದಲು ಪೆಟ್ಟಿಗೆ ನಿಲ್ಲಿಸು, ಆಮೇಲೆ ಫೋನು ಎಂದು ಅಂದಿನಿಂದ ಕೈಗೆ ಪಾಠ ಹೇಳಿಕೊಟ್ಟಿದ್ದಾರೆ.

ಅಂಚೆಯವರೊಂದಿಗೂ ಒಪ್ಪಂದವಿದೆ. ಇಲಾಖೆಯ ಕಾಗದ ಇಲ್ಲದಿದ್ದರೆ ಬೀದಿಯ ತಿರುವಿನಲ್ಲೇ ಅವರು ಬರಿಗೈ ಎತ್ತಿ ತೋರಿಸಿ ಹೋಗಿಬಿಡುತ್ತಾರೆ. ಆ ಕೈ ಏಳುವವರೆಗಿನ ಬೆಳಗು ಒಂದು ತೂಕ. ಎದ್ದ ಮೇಲಿನದು ಇನ್ನೊಂದು ತೂಕ. ಯಾವುದು ಹೆಚ್ಚು ಭಾರ ಎಂದು ಅಕ್ಕನಿಗೂ ಗೊತ್ತಿಲ್ಲ.

ಕೊನೆಗೂ ಈಚೆಗೆ ಎರಡನೇ ವಿಚಾರಣೆಗೆ ಕರೆ ಬಂತು. ಮನೆಯಲ್ಲಿ ತಾಲೀಮು ಶುರುವಾಯಿತು. ಅತ್ತೆಯೇ ಅಧಿಕಾರಿ. ಕನ್ನಡಕ ಮೂಗಿನ ತುದಿಗಿಳಿಸಿ, "ಹೇಗಿದ್ದೀಯಪ್ಪಾ?" ಎಂದರೆ ಮಗ ಎದ್ದು ನಿಂತು, "ಚೆನ್ನಾಗಿದ್ದೀನಿ ಸರ್" ಎನ್ನುವುದು.

"ಸರ್ ಅಲ್ಲ ಕಣೋ, ಹೆತ್ತ ತಾಯಿ."

"ಚೆನ್ನಾಗಿದ್ದೀನಮ್ಮ."

"ಹಾಳಾಗಿ ಹೋಗಲಿ. ಇವನಿಗೆ ಸುಳ್ಳು ಬಿಟ್ಟು ಬೇರೇನೂ ಕಲಿಸಲಿಲ್ಲವೇನೇ ಆ ಮಿಲಿಟರಿಯವರು?"

ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅವರ ಮುಂದೆ ನಾನು ನಾಟಕ ಆಡಬೇಕಾ?"

"ನಾಟಕ ಆವತ್ತು ಆಡಿದ್ದು, ರೀ. ನಾನೇ ವೇಷ ಹಾಕಿ ಕಳಿಸಿದ್ದು. ಈ ಸಲ ಆಡಬೇಡಿ ಅಂತಿದೀನಿ."

ವಿಚಾರಣೆಯ ದಿನದ ಶರ್ಟನ್ನು ಅಕ್ಕ ಇಸ್ತ್ರಿ ಮಾಡಲಿಲ್ಲ. ಹೇಳುವುದು ಸುಲಭ. ಒಗೆದು ಒಣಗಿಸಿದ ಶರ್ಟು ಮೊಳೆಯಲ್ಲಿ ಸುಕ್ಕುಸುಕ್ಕಾಗಿ ನೇತಾಡುತ್ತಿತ್ತು, ಕೆಳಗೆ ಪೆಟ್ಟಿಗೆ ಬಿಸಿಯಾಗಿತ್ತು. ಇಡೀ ಊರಿನ ಸುಕ್ಕು ಬಿಡಿಸುವ ಕೈ ಮನೆಯ ಗಂಡಸಿನ ಶರ್ಟಿನ ಮುಂದೆ ಕಟ್ಟಿಕೊಂಡು ನಿಂತಿತು. ಬಸ್ಸಿನಲ್ಲಿ ಯಾರಾದರೂ ಗುರುತಿನವರು ನೋಡಿದರೆ ಏನಂದುಕೊಂಡಾರು ಎಂಬ ನಾಚಿಕೆ ದಾರಿಯುದ್ದಕ್ಕೂ ಸುಡುತ್ತಿತ್ತು.

ಈ ಸಲ ಅಕ್ಕನನ್ನೂ ಒಳಗೆ ಬಿಟ್ಟರು. ಎದುರಿಗೆ ಒಬ್ಬ ಡಾಕ್ಟರಮ್ಮ. ಹೇಗಿದ್ದೀರಿ ಎಂದು ಕೇಳಿದರು.

"ಚೆನ್ನಾಗಿದ್ದೀನಿ ಮೇಡಂ."

ನಿದ್ದೆ ಬರುತ್ತದೆಯೇ ಎಂದು ಡಾಕ್ಟರು ಕೇಳಿದರು. ಬರುತ್ತದೆ ಎಂದರು ಗಂಡ. ಪೆನ್ನು ಓಡಿತು. ತಡೆಯಲಾರದೆ ಅಕ್ಕ ಬಾಯಿ ಹಾಕಿದರು. "ರಾತ್ರಿ ಬರಲ್ಲ ಡಾಕ್ಟರೇ. ಬೆಳಗಿನ ಜಾವ ಒಂಚೂರು ಮಲಗ್ತಾರೆ. ಅದಕ್ಕೇ ನಾನು ಅಂಗಡಿ ಶಟರ್ ಸದ್ದಾಗದ ಹಾಗೆ ಎತ್ತೋದು. ಅದೊಂದು ಹೊತ್ತು ಮಾತ್ರ ನೆಮ್ಮದಿಯಾಗಿ ಮಲಗಿರ್ತಾರೆ."

ಗಂಡ ತೋಳಿನ ತುದಿಯ ಸುಕ್ಕನ್ನು ಬೆರಳಿನಿಂದ ತೀಡುತ್ತ ಕೂತಿದ್ದರು. ತೀಡಿದಷ್ಟೂ ಅದು ಮತ್ತೆ ಏಳುತ್ತಿತ್ತು.

"ಇಲ್ಲ," ಎಂದರು. "ಆಗಲೂ ಎಚ್ಚರವಾಗೇ ಇರ್ತೀನಿ. ಇವಳು ಶಟರಿಗೆ ಕೈ ಹಾಕಿದಾಗಿನಿಂದ ಕಾಯ್ತಾ ಇರ್ತೀನಿ, ಆ ಕಿರ್ ಅನ್ನೋ ಜಾಗ ಯಾವಾಗ ಬರುತ್ತೆ ಅಂತ. ಮಂಚದ ಪಟ್ಟಿ ಹಿಡ್ಕೊಂಡಿರ್ತೀನಿ. ಆಮೇಲೆ ಇವಳು ಬಂದು ನೋಡ್ತಾಳಲ್ಲ, ಆಗ ಕಣ್ಣು ಮುಚ್ಕೋತೀನಿ. ಅಷ್ಟು ಕಷ್ಟಪಟ್ಟು ಎತ್ತಿರ್ತಾಳೆ."

ಡಾಕ್ಟರಮ್ಮನ ಪೆನ್ನು ನಿಂತಿತು. ಅವರು ಕುರ್ಚಿಯನ್ನು ಸದ್ದಾಗದಂತೆ ಮುಂದಕ್ಕೆ ಎತ್ತಿಟ್ಟುಕೊಂಡು, ಮೊದಲಿನಿಂದ ಹೇಳಿ ಎಂದರು. ಗಂಡ ಹೇಳಿದರು. ಮುಂದಿನ ಲಾರಿಯಲ್ಲಿದ್ದವರ ಹೆಸರುಗಳನ್ನೂ ಹೇಳಿದರು. ಹೆಂಡತಿಯೂ ಅಷ್ಟು ವರ್ಷ ಕೇಳದೇ ಇದ್ದ ಹೆಸರುಗಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಸಿಟ್ಟು ಬಂದಿತ್ತು. ಶಟರಿಗೆ ಅಷ್ಟು ವರ್ಷ ಬಿಟ್ಟ ಎಣ್ಣೆ, ಅಷ್ಟು ವರ್ಷದ ಬಿಗಿಹಿಡಿದ ಉಸಿರು ಯಾರಿಗಾಗಿ ಎಂದು. ಇಳಿಯುವ ಹೊತ್ತಿಗೆ ಸಿಟ್ಟು ಕಳೆದು, ಇನ್ನೇನನ್ನೆಲ್ಲ ಹೀಗೆ ಕಣ್ಣು ಮುಚ್ಚಿ ಅಡಗಿಸಿಟ್ಟಿದ್ದಾರೋ ಎಂಬ ದಿಗಿಲು ಹತ್ತಿಕೊಂಡಿತು. ಅದು ಇನ್ನೂ ಇಳಿದಿಲ್ಲ.

ತೀರ್ಮಾನವೂ ಬಂದಿಲ್ಲ. ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಮರುದಿನದಿಂದ ಬದಲಾದದ್ದು ಒಂದೇ. ಶಟರು ಆ ಕಿರ್ ಅನ್ನುವ ಜಾಗಕ್ಕೆ ಬಂದಾಗ ಒಳಗಿನಿಂದ ಒಂದು ಕೆಮ್ಮು ಬರುತ್ತದೆ. ಎಚ್ಚರವಾಗಿದ್ದೀನಿ, ಪರವಾಗಿಲ್ಲ, ದಾಟಿಸು ಎಂದು ಅದರರ್ಥ. ಹಾಗಾದರೆ ಇನ್ನೂ ಯಾಕೆ ಗೇಣು ಗೇಣಾಗಿ ಎತ್ತುವುದು ಎಂದರೆ ಅಕ್ಕ ಹುಬ್ಬೇರಿಸುತ್ತಾರೆ. "ಎಚ್ಚರ ಇರೋರ ಕಿವಿಗೆ ನೋವಾಗಲ್ವಾ?"

ತಿರುವಿನಲ್ಲಿ ಅಂಚೆಯವರ ಕೈ ಏಳುತ್ತದೆ, ಬರಿಗೈ. ಅಕ್ಕ ತಲೆಯಾಡಿಸಿ ಹೊಸ ಶರ್ಟು ಎಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಕಿಸೆ ನಡುಗುತ್ತದೆ. ಪೆಟ್ಟಿಗೆ ನಿಲ್ಲಿಸಿ, ಕೈ ಒರೆಸಿ, ಫೋನು ತೆಗೆದು ನೋಡುತ್ತಾರೆ. ಹೋಟೆಲಿನವರು, ಶರ್ಟುಗಳು ಎಷ್ಟು ಹೊತ್ತಿಗೆ ಸಿದ್ಧ ಎಂದು. ಮಧ್ಯಾಹ್ನಕ್ಕೆ ಎನ್ನುತ್ತಾರೆ, ದನಿ ಬದಲಾಗದಂತೆ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಅವರು ಕಾಲರನ್ನು ಮೇಜಿನ ಮೇಲೆ ಹರಡಿ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ.

"ಆ ಉತ್ತರ ಬಂದು, ಇವರಿಗೆ ಒಳ್ಳೇ ಡಾಕ್ಟರು ಸಿಕ್ಕಿ, ಒಂದು ದಿನ ಈ ಶಟರನ್ನ ಇವರೇ ಎತ್ತಬೇಕು. ಗರ್ರ್ ಅಂತ, ಆ ಸೈಕಲ್ ಶಾಪಿನವನ ಹಾಗೆ. ನಾನು ಒಳಗೆ ಮಲಗಿರ್ತೀನಿ," ಎಂದು ಗೋಡೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ನಿಜವಾಗಿ ನಿದ್ದೆ ಮಾಡ್ತಾ."