ನಿಂಬೆರಸದ ಪತ್ರ ಮತ್ತು ಇಸ್ತ್ರಿ ಪೆಟ್ಟಿಗೆ

ಕಳೆದ ಭಾನುವಾರ ಬೆಳಿಗ್ಗೆ ನಾನು ನಲವತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದೆ. (ನಂಬದವರು ನನ್ನ ಹೆಂಡತಿಯನ್ನು ಕೇಳಬಹುದು. ಅವಳೂ ಇನ್ನೂ ನಂಬಿಲ್ಲ.)

ಕೂರಿಸಿದ್ದು ಶ್ರೇಯಾ. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಫ್ಲ್ಯಾಟಿನ ಮಂಗಳೂರು ಹುಡುಗಿ. ವಾರವೆಲ್ಲ ಐಟಿ ಕೆಲಸ, ವೀಕೆಂಡ್ ಬಂದರೆ ಸ್ವಂತದ್ದೊಂದು ಕನ್ನಡ ವಿಡಿಯೋ ಗೇಮ್ ತಯಾರಿ. ಗುಂಡು ಹಾರಿಸುವ ಗೇಮ್ ಅಲ್ಲ. ಪರದೆಯ ಮೇಲೆ ಹಳೇ ಮನೆಯೊಂದರ ಕೋಣೆ, ಬಾಗಿಲಿಗೆ ಬೀಗ. ಕಂಡ ವಸ್ತುವನ್ನು ಮುಟ್ಟಬೇಕು, ಎತ್ತಿಕೊಳ್ಳಬೇಕು, ಒಂದನ್ನು ಇನ್ನೊಂದರ ಮೇಲೆ ಪ್ರಯೋಗಿಸಬೇಕು, ತಲೆ ಓಡಿಸಿ ಹೊರಗೆ ಬರಬೇಕು. "ನೀವು ಹೇಗೂ ಬರೀತೀರಲ್ಲ ಸರ್, ಒಂದು ಒಗಟು ಮಾಡಿ ಕೊಡಿ" ಅಂದಳು. ಅಂಕಣಕಾರನಿಗೆ ಇಷ್ಟು ಹೇಳಿದರೆ ಸಾಕಲ್ಲವೆ?

ಮಾಡಿಕೊಟ್ಟೆ. ಮೇಜಿನ ಮೇಲೆ ತಾತ ಬಿಟ್ಟುಹೋದ ಖಾಲಿ ಕಾಗದ. ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣು, ಒಂದು ಕಡ್ಡಿ. ಅಂದರೆ ಕೀ ಎಲ್ಲಿದೆ ಅಂತ ತಾತ ನಿಂಬೆರಸದಲ್ಲಿ ಬರೆದಿದ್ದಾರೆ. ಬಿಸಿ ತಾಗಿದರೆ ಅಕ್ಷರ ಮೂಡುತ್ತದೆ. ಬಿಸಿ ಎಲ್ಲಿಂದ? ಗೋಡೆಯ ಕ್ಯಾಲೆಂಡರ್ ಹಿಂದೆ ತಾತನ ಕನ್ನಡಕವಿದೆ. (ಕಾಣುವುದು ಅದರ ತುದಿ ಮಾತ್ರ, ಸಾಸಿವೆ ಕಾಳಿನಷ್ಟು.) ಅದನ್ನು ತೆಗೆದು, ಕಿಟಕಿ ತೆರೆದು, ಗಾಜಿನ ಮೂಲಕ ಬಿಸಿಲನ್ನು ಕಾಗದದ ಮೇಲೆ ಬೀಳಿಸಬೇಕು. ಬರೆದು ಮುಗಿಸಿದಾಗ ನನ್ನ ಬುದ್ಧಿಗೆ ನನಗೇ ರೋಮಾಂಚನವಾಗಿತ್ತು.

ಆದರೆ ಶ್ರೇಯಾಳದ್ದೊಂದು ಕಾನೂನು. ಯಾರಾದರೂ ಆಡುವಾಗ ನಾವು ಹಿಂದೆ ಕೂರಬೇಕು, ತುಟಿ ಬಿಚ್ಚಬಾರದು. ಮೂರು ಜನ ಸೋತರೆ ಒಗಟು ಕಿತ್ತುಹಾಕುವುದು.

ಮೊದಲು ಸೋತವಳು ನನ್ನ ಹೆಂಡತಿ. ಆಟ ಮುಗಿದು ಉತ್ತರ ತೋರಿಸಿದ ಮೇಲೆ "ಕನ್ನಡಕ ಹೋಗಿ ಹೋಗಿ ಕ್ಯಾಲೆಂಡರ್ ಹಿಂದೆ ಯಾಕಿದೆ?" ಅಂತ ಕೇಳಿದಳು.

"ತಾತನಿಗೆ ಮರೆವು."

"ಅದು ಗೇಮ್‌ನಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ನನ್ನ ತಲೆಯಲ್ಲಿತ್ತು. ಎರಡನೆಯವನು ಶ್ರೇಯಾಳ ಸಹೋದ್ಯೋಗಿ. ಪರದೆಯ ಇಂಚಿಂಚನ್ನೂ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡು ಎದ್ದುಹೋದ. ಉಳಿದದ್ದು ಒಂದೇ ಚಾನ್ಸ್. ನನ್ನ ಒಗಟಿನ ಪ್ರಾಣ ಈಗ ಶರಣಮ್ಮನ ಕೈಯಲ್ಲಿತ್ತು.

ಶರಣಮ್ಮ ರಾಯಚೂರು ಕಡೆಯವರು. ನಮ್ಮ ಪಾರ್ಕಿಂಗಿನಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಬಟ್ಟೆ ಕೊಡಲು ಮೇಲೆ ಬಂದವರನ್ನು ಶ್ರೇಯಾ ಹಿಡಿದು ಕೂರಿಸಿ ಕೈಗೆ ಟ್ಯಾಬ್ ಕೊಟ್ಟಳು. "ನೀವು ಮಾತ್ರ ಉಸಿರೆತ್ತಬೇಡಿ ಮಾರಾಯ್ರೇ" ಅಂತ ನನಗೆ ಎಚ್ಚರಿಕೆ.

ಶರಣಮ್ಮ ಬಾಗಿಲ ಚೌಕಟ್ಟಿನ ಮೇಲೆ ಹುಡುಕಿದರು. ಕಾಲೊರಸಿನ ಕೆಳಗೆ ನೋಡಿದರು. (ಯಾರೇ ಆಗಲಿ, ಕೀ ಇಡುವುದು ಅಲ್ಲೇ ತಾನೆ?) ಎರಡು ಸಲವೂ ನಾನು ಬರೆದ ಸಾಲೇ ಬಂತು: "ಇದು ಆಗುವುದಿಲ್ಲ."

"ಯಾಕ ಆಗೂದಿಲ್ಲ ಅಂತ ಹೇಳಂಗಿಲ್ಲೇನ್ರಿ ಇದು? ನಮ್ಮ ಗೇಟಿನ ವಾಚ್‌ಮನ್ ಇದ್ದಂಗ ಐತಿ" ಅಂದರು.

ನಾನು ಒಮ್ಮೆ ಕೆಮ್ಮಿದೆ, ಪರದೆಯ ಮೇಲಿನ ಕ್ಯಾಲೆಂಡರ್ ಕಡೆಗೆ ಮುಖ ಮಾಡಿ. ಶ್ರೇಯಾ ನನ್ನ ಕಡೆ ಕಣ್ಣು ಕೆಕ್ಕರಿಸಿದಳು.

ಆಮೇಲೆ ಶರಣಮ್ಮ ನಿಂಬೆಹಣ್ಣು ಮುಟ್ಟಿದರು. ಕಾಗದ ಮುಟ್ಟಿದರು. ಸಣ್ಣಗೆ ನಕ್ಕರು. ಕೋಣೆಯ ಮೂಲೆಯಲ್ಲಿ ಶ್ರೇಯಾ ಬರೀ ಅಂದಕ್ಕೆಂದು ಬಿಡಿಸಿದ್ದ ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನೇರ ಕಾಗದದ ಮೇಲಿಟ್ಟರು.

"ಇದು ಆಗುವುದಿಲ್ಲ."

"ಯಾಕ್ರಿ ಆಗೂದಿಲ್ಲ?" ಶರಣಮ್ಮ ಟ್ಯಾಬ್ ಕೆಳಗಿಟ್ಟರು. "ಪೆಟ್ಟಿಗಿ ಐತಿ, ಕೆಂಡ ಕೆಂಪಗ ಕಾಣಾಕತ್ತಾವ, ಕಾಗದ ಐತಿ. ಬಿರಿಯಾನಿ ಊಟದ ಅಂಗಿ ಭಾಳ ಬರ್ತಾವ್ರಿ ನಮ್ಮ ಹತ್ರ. ನಿಂಬಿರಸ ಒಗದ್ರೂ ಪೂರ್ತಿ ಹೋಗಿರೂದಿಲ್ಲ, ಕಣ್ಣಿಗೂ ಕಾಣೂದಿಲ್ಲ. ಇಸ್ತ್ರಿ ಇಟ್ಟ ಕೂಡ್ಲೆ ಕಂದಗ ಏಳ್ತೈತಿ."

ಶ್ರೇಯಾ ಕುಣಿಯುವುದೊಂದೇ ಬಾಕಿ. ಒಳ್ಳೆಯ ಗೇಮ್ ಅಂದರೆ ಏನು ಅಂತ ನನಗೂ ಆಗಲೇ ಹೊಳೆದದ್ದು. ಉತ್ತರ ಕೋಣೆಯೊಳಗಿರಬೇಕು, ಬರೆದವನ ತಲೆಯೊಳಗಲ್ಲ. ಸೋತವರು ಉತ್ತರ ನೋಡಿ ತಮ್ಮ ಹಣೆ ಚಚ್ಚಿಕೊಳ್ಳಬೇಕು, ಬರೆದವನ ಹಣೆ ಹುಡುಕಬಾರದು. ನಾವು ಯೋಚಿಸದೇ ಇದ್ದ ಸರಿ ಉತ್ತರವನ್ನು ಯಾರಾದರೂ ತಂದರೆ, ಮರ್ಯಾದೆಯಾಗಿ ಬಾಗಿಲು ತೆರೆಯಬೇಕು. ಕನ್ನಡಕ ಔಟ್, ಇಸ್ತ್ರಿ ಪೆಟ್ಟಿಗೆ ಇನ್ ಅಂತ ತೀರ್ಪಾಯಿತು. ನನ್ನ ಒಗಟು ಅರ್ಧ ಬದುಕಿತು.

ದೊಡ್ಡ ಮನಸ್ಸು ಮಾಡಿ ಚಪ್ಪಾಳೆ ತಟ್ಟಿದೆ. ಅಲ್ಲಿಗೆ ಸುಮ್ಮನಿರಬಾರದೆ? "ಆ ಕಂದು ಕಲೆ ನೋಡಿ ಜನ ಏನಂತಾರೆ ಶರಣಮ್ಮ?" ಅಂತ ಕೇಳಿಬಿಟ್ಟೆ.

"ನೀನ ಸುಟ್ಟಿ ಅಂತಾರ್ರಿ. ಹೋದ ತಿಂಗಳ ನೀವೂ ಅಂದ್ರಲ್ಲ? ಬಿಳಿ ಅಂಗಿ, ಬಲಗಡೆ ತೋಳು."

ಅಂದಿದ್ದೆ. ಜೋರಾಗಿಯೇ ಅಂದಿದ್ದೆ. ಆ ಅಂಗಿ ತೊಟ್ಟು ದಾವತ್ ಊಟಕ್ಕೆ ಹೋಗಿ, ಬಿರಿಯಾನಿಗೆ ಮೂರು ಹೋಳು ನಿಂಬೆ ಹಿಂಡಿದ್ದವನು ನಾನೇ. ಶರಣಮ್ಮ ಏನೋ ಹೇಳಲು ಬಾಯಿ ತೆರೆದಾಗ "ನೀವೇನೂ ಹೇಳ್ಬೇಡಿ" ಅಂತ ತಡೆದವನೂ ನಾನೇ. ನಿಂಬೆರಸದ ಒಗಟು ಕಟ್ಟಿದ ಮಹಾಶಯನಿಗೆ ತನ್ನ ತೋಳಿನ ಮೇಲೆ ಮೂಡಿದ್ದನ್ನು ಓದಲು ಬಂದಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

"ತಪ್ಪಾಯ್ತು ಶರಣಮ್ಮ, ಸಾರಿ" ಅಂದೆ.

ಅವರು ಬಟ್ಟೆ ಗಂಟು ಎತ್ತಿಕೊಂಡು ಬಾಗಿಲ ಹತ್ತಿರ ನಿಂತರು. "ಇರ್ಲಿ ಬಿಡ್ರಿ. ಆದ್ರ ನೀವು ಅವತ್ತು ಬೈದದ್ದು ಕೆಳಗ ಪಾರ್ಕಿಂಗಿನ್ಯಾಗ, ಹತ್ತು ಮಂದಿ ಮುಂದ. ಅವತ್ತಿಂದ ನಾಕು ಮನಿಯವ್ರು ನನಗ ಇಸ್ತ್ರಿಗೆ ಅರಬಿ ಕೊಡೂದ ಬಿಟ್ಟಾರ. ಸಾರಿ ಮಾತ್ರ ಇಲ್ಲಿ ಮ್ಯಾಲ, ಫ್ಲ್ಯಾಟಿನೊಳಗ."

ಅಷ್ಟು ಹೇಳಿ ಲಿಫ್ಟ್ ಕಡೆ ನಡೆದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಮುಂದೆ ಎಲ್ಲಿಗೆ ಹೋಗಿ ಏನು ಮಾಡಬೇಕು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸುಳಿವನ್ನು ಯಾವ ಗೇಮ್ ತಾನೆ ಕೊಟ್ಟೀತು?