ಹೀಟ್ ನಂಬರ್ ನಲವತ್ತೆರಡು

ಸ್ನೇಹಿತರೇ, ಹುಮನಾಬಾದಿನ ನಮ್ಮ ಕಾರ್ಖಾನೆಯಿಂದ ಬಾಯ್ಲರ್ ಪ್ಲೇಟುಗಳ ಲಾರಿ ಇಂದೇ ಹೊರಡಬೇಕಿತ್ತು. ತಪ್ಪಿದರೆ ಆರ್ಡರೇ ರದ್ದು. ಖರೀದಿದಾರರ ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ನೋಡಿ ಲಾರಿ ತಡೆದರು. ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆಲ್ಲ ಒಂದೇ ಹೀಟ್ ನಂಬರ್ ಇರುತ್ತದೆ. ಪ್ಲೇಟಿನ ಮೇಲೆ ಪಂಚ್ ಮಾಡಿದ ಆ ನಂಬರೇ ಸರ್ಟಿಫಿಕೇಟಿನಲ್ಲೂ ಇರಬೇಕು. ನಮ್ಮ ಕಂಪ್ಯೂಟರ್ ಅಚ್ಚುಕಟ್ಟಾಗಿ ಎಲ್ಲ ಸರ್ಟಿಫಿಕೇಟುಗಳಲ್ಲೂ 42 ಎಂದು ಮುದ್ರಿಸಿತ್ತು.

"ಈ ನಲವತ್ತೆರಡು ಯಾವ ಕುಲುಮೀದ್ರಿ?" ಎಂದರು ಇನ್‌ಸ್ಪೆಕ್ಟರ್.

ಹೊಸ ಸಾಫ್ಟ್‌ವೇರ್ ತರಿಸಿದ ಮ್ಯಾನೇಜರ್ ಸಾಹೇಬರು ಗಂಭೀರವಾಗಿ ಹೇಳಿದರು: "ಹೀಟ್ ಅಂದ್ರ ಆ ದಿನದ ಬಿಸಿಲು ಅಲ್ಲೇನ್ರಿ? ಪೇಪರ್‌ನ್ಯಾಗ ಹವಾಮಾನ ನೋಡೇ ತುಂಬೀನಿ."

ಸ್ಟೋರ್‌ಕೀಪರ್ ಕಾಶಪ್ಪ ಹಳೆಯ ರಜಿಸ್ಟರ್ ತಂದಿಟ್ಟರು. ಪ್ರತಿ ಪ್ಲೇಟಿನ ನಂಬರೂ ಅದರಲ್ಲಿತ್ತು.

"ಇದನ್ನ ರದ್ದಿಗೆ ಹಾಕ್ರಿ ಅಂದಿದ್ದೆನಲ್ರಿ ಕಾಶಪ್ಪ?"

"ಅಂದಿದ್ರಿ ಸಾಹೇಬ್ರ. ಕೇಳೀನಿ, ಹಾಕಿಲ್ಲ."

ಸರ್ಟಿಫಿಕೇಟುಗಳನ್ನು ಕೈಯಲ್ಲೇ ಬರೆದುಕೊಟ್ಟೆವು, ಲಾರಿ ಹೊರಟಿತು. ಸಾಹೇಬರಿಗೆ ಇನ್ನೂ ಒಂದು ಚಿಂತೆ ಉಳಿದಿತ್ತು: "ಮತ್ತ ಕಂಪ್ಯೂಟರ್‌ದಾಗಿನ ನಲವತ್ತೆರಡಕ್ಕ ಏನ್ ಮಾಡೋದ್ರಿ?"

"ಒಂದು ಛತ್ರಿ ತರಸ್ರಿ" ಎಂದರು ಕಾಶಪ್ಪ.

ಸಾಹೇಬರು ಕೀಬೋರ್ಡ್ ಕಡೆ ಕೈ ಚಾಚಿದಾಗ, ಅದನ್ನೂ ಟೈಪ್ ಮಾಡುತ್ತಾರೇನೋ ಎಂದು ನಾನು ಹೆದರಿದೆ.