ಗಾಳಿಯ ದೋಣಿಗೆ ಊದಿನಕಡ್ಡಿ

ಗಾಳಿ ತುಂಬಿದ ಯಾವ ವಸ್ತು ಕಣ್ಣಿಗೆ ಬಿದ್ದರೂ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ಮುಂದೆ ಹೋಗುವುದು ನನ್ನಿಂದಾಗದು. ಸೈಕಲ್ ತುಳಿಯುವ ಕಾಲದಿಂದ ಅಂಟಿದ ಚಾಳಿ. ಬಾಗಲಕೋಟೆಯ ನಿಲ್ದಾಣದಲ್ಲಿ ನಿಂತ ಬಸ್ಸಿನ ಗಾಲಿಯನ್ನೂ ಒತ್ತಿ, "ಯಾಕ್ರಿ, ಬಸ್ ತಗೊಳ್ಳಾವ್ರಿದ್ದೀರೇನು?" ಎಂದು ಡ್ರೈವರನಿಂದ ಕೇಳಿಸಿಕೊಂಡವನು ನಾನು. ಇಂಥವನು ಗಾಳಿಯ ದೋಣಿ ಕೊಳ್ಳಲು ಹೊರಟರೆ ಮನೆಯವರ ಗತಿ ಏನಾಗಿರಬೇಡ!

ದೋಣಿಯ ಹುಚ್ಚು ಹಿಡಿದದ್ದು ಇಬ್ಬರಿಗೆ. ಹುನಗುಂದದ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ನನಗೆ, ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ಬೇವೂರಿನ ಬೀರಪ್ಪನಿಗೆ. ನನಗೆ ಬೇಕಾದದ್ದು ನೊರೆನೀರು. ಮಳೆಗಾಲ ಕಳೆದ ಮೇಲೆ ಪಟ್ಟದಕಲ್ಲಿನ ಆಚೆ ಮಲಪ್ರಭೆ ಕಲ್ಲುಗಳ ಮೇಲಿಂದ ಬೆಳ್ಳಗೆ ಜಿಗಿದು ಕೆಳಗಿನ ಮಡುವಿಗೆ ಇಳಿಯುತ್ತಾಳಲ್ಲ, ಅಲ್ಲಿ ಒಮ್ಮೆ ತೇಲಿ ಹೋಗಬೇಕೆಂಬುದು ನನ್ನ ಬಹಳ ದಿನದ ಆಸೆ. ಬೀರಪ್ಪನಿಗೆ ಬೇಕಾದದ್ದು ಆ ಮಡುವಿನ ಮೀನು. "ಲೇ ಮಲ್ಯಾ, ನೀ ಕಲ್ಲು ದಾಟ್ಸು, ಮಡುವಿನ್ಯಾಗ ನಾ ಗಾಳ ಹಾಕ್ತೇನಿ" ಎಂದು ಒಪ್ಪಂದವಾಯಿತು. ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಹಿಡಿಯುವ ದೋಣಿ ಆ ಮನೆಯ ಹೊಸ್ತಿಲು ದಾಟಬೇಕಾದರೆ ಒಪ್ಪಂದದಲ್ಲಿ ನನ್ನ ಪಾಲು ನೀರಷ್ಟೇ ಎಂದು ಹೆಂಡತಿ ಗಿರಿಜಾಳಿಗೆ ಮಾತು ಕೊಡಬೇಕಾಯಿತು.

ಆದರೆ ಒಂದೇ ದೋಣಿ ಎರಡೂ ಕೆಲಸಕ್ಕೆ ಬರಬೇಕಲ್ಲ. ನೊರೆನೀರಿನ ದೋಣಿಯ ಎರಡು ತುದಿಯೂ ಮೇಲಕ್ಕೆದ್ದಿರುತ್ತವೆ. ಒಳಗೆ ನುಗ್ಗಿದ ನೀರು ತಾನೇ ಹೋಗಲೆಂದು ತಳದಲ್ಲಿ ತೂತುಗಳಿರುತ್ತವೆ. ಮೀನಿನ ದೋಣಿಗೆ ಎದ್ದು ನಿಂತರೂ ಓಲಾಡದಂಥ ಅಗಲವಾದ ಗಟ್ಟಿ ತಳ ಬೇಕು. ಫೋನಿನಲ್ಲಿ ಚಿತ್ರ ನೋಡಿದ ಬೀರಪ್ಪ ಸ್ಟಾಫ್ ರೂಮಿನಲ್ಲೇ ಕೂಗಿಕೊಂಡ: "ತೂತಿದ್ದ ದೋಣಿ ಯಾರರ ತಗೋತಾರೇನಲೇ!" ತಳ ನೀರಿಗಿಂತ ಮೇಲೆ ತೇಲುವುದರಿಂದ ಆ ತೂತುಗಳಲ್ಲಿ ನೀರು ಹೊರಗಷ್ಟೇ ಹೋಗುತ್ತದೆಂದು ಗಣಿತದ ಮಾಸ್ತರನಿಗೆ ಒಪ್ಪಿಸುವಷ್ಟರಲ್ಲಿ ಒಂದು ವಾರ ಹೋಯಿತು.

ಮನೆಯಲ್ಲಿ ಈ ಚರ್ಚೆ ಕೇಳಿ ಕೇಳಿ ಬೇಸತ್ತ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಹಾಕಿದಳು. "ಅಲ್ರಿ, ಗಾಳಿ ಎಲ್ಲಾ ಒಂದ ಚೀಲದಾಗ ಇರತೈತೇನು?"

ಅಗ್ಗದವುಗಳಲ್ಲಿ ಹಾಗೆಯೇ ಇರುತ್ತದೆ ಎಂದೆ.

"ಹಂಗಾರ ಅದು ಬ್ಯಾಡ. ನಮ್ಮವ್ವ ಉಪ್ಪಿನಕಾಯಿ ಒಂದ ಭರಣ್ಯಾಗ ಇಡೂದಿಲ್ಲ. ಒಂದು ಕೆಟ್ಟರ ಇನ್ನೊಂದರ ಉಳೀಲಿ ಅಂತಾಳ."

ಇತಿಹಾಸದ ಮಾಸ್ತರನಾಗಿ ನನಗೆ ಇದು ಹೊಳೆಯಬೇಕಿತ್ತು. ಹಿಂದೆ ನಮ್ಮ ಕಡೆ ಹೊಳೆ ದಾಟುವವರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. ಅದೂ ಗಾಳಿಯ ದೋಣಿಯೇ. ಬೆರಳಿನಿಂದ ಬಡಿದು, ಸದ್ದು ಕೇಳಿ ಬುರುಡೆ ಆರಿಸುತ್ತಿದ್ದರೆಂದು ನಮ್ಮಜ್ಜ ಹೇಳುತ್ತಿದ್ದ. ಎಷ್ಟೇ ಗಟ್ಟಿ ಬುರುಡೆಯಾದರೂ ಒಂದನ್ನೇ ನಂಬಿ ಯಾರೂ ಇಳಿಯುತ್ತಿರಲಿಲ್ಲವಂತೆ. ಹೀಗೆ ಗಾಳಿಗೆ ಬೇರೆ ಬೇರೆ ಕೋಣೆಗಳಿರುವ, ತಳ ಗಟ್ಟಿಯಿದ್ದೂ ತೂತಿರುವ ಹಳದಿ ದೋಣಿಯೊಂದು ನಮ್ಮ ಮನೆಗೆ ಬಂತು. ನಾನು ಅದನ್ನು ಮೂರು ದಿನ ಒತ್ತಿ ನೋಡಿದೆ.

ಇನ್ನು ಪೂಜೆ. ಟ್ರ್ಯಾಕ್ಟರಾಗಲಿ, ಹಿಟ್ಟಿನ ಗಿರಣಿಯಾಗಲಿ, ನಮ್ಮಲ್ಲಿ ಪೂಜೆಯಿಲ್ಲದೆ ಯಾವುದೂ ಕದಲುವುದಿಲ್ಲ. ಹೊಸ ಗಾಡಿಯ ಮೊದಲ ಸುತ್ತಿಗೆ ಮನೆಯ ಹೆಣ್ಣುಮಗಳು ಕೂರಲೇಬೇಕು. ಗಿರಿಜಾಳಿಗೆ ಈಜು ಬಾರದು. ಆದರೂ ಇಳಕಲ್ ಸೀರೆಯ ಮೇಲೆ ತೇಲುವ ಜಾಕೆಟ್ ತೊಟ್ಟು, ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ಹೊಳೆದಂಡೆಗೆ ಬಂದಳು. ನಿಂಬೆಹಣ್ಣು ಇಡಲು ಗಾಲಿಯಿಲ್ಲವೆಂದು ದೋಣಿಯ ಮೂತಿಗೆ ಕಟ್ಟಿದೆವು. ಎರಡೂ ಮಗ್ಗುಲಿನ ಗಾಳಿಕೊಳವೆಗಳಿಗೆ ಕುಂಕುಮ ಹಚ್ಚಿದೆವು. ಕಾಯಿಯನ್ನು ಮಾತ್ರ ದೂರದ ಕಲ್ಲಿಗೆ ಒಡೆದು, ನಮ್ಮ ಜಾಣತನಕ್ಕೆ ನಾವೇ ತಲೆದೂಗಿದೆವು. ಮೋಟರ್‌ಸೈಕಲ್ಲಿನ ಸಂದಿಯಲ್ಲಿ ಸಿಕ್ಕಿಸುವಂತೆ, ದೋಣಿಯ ಬಲಮಗ್ಗುಲಲ್ಲಿ ಹಗ್ಗ ಕಟ್ಟುವ ಬಳೆಯೊಂದರಲ್ಲಿ ಉರಿಯುವ ಊದಿನಕಡ್ಡಿಯನ್ನೂ ಸಿಕ್ಕಿಸಿದೆವು. ಸಿಕ್ಕಿಸಿದ ಕೈ ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಮೂವರಿಗೂ ಆಗ ಭಕ್ತಿ ಉಕ್ಕಿತ್ತು.

ಕಲ್ಲುಗಳ ಮೇಲಿನ ನಿಂತ ನೀರಿನಲ್ಲಿ ಒಂದು ಸುತ್ತು ಹಾಕಿ, ಗಿರಿಜಾಳನ್ನು ಇಳಿಸಿ, ಆಮೇಲೆ ನಾವಿಬ್ಬರೇ ನೊರೆನೀರಿಗೆ ಹೋಗುವುದೆಂದು ಮಾತಾಗಿತ್ತು. ಮುಂದೆ ನಾನು, ಹಿಂದೆ ಬೀರಪ್ಪ, ನಡುವೆ ಅವಳು. ಅರ್ಧ ಸುತ್ತು ಆಗಿರಬೇಕು. ದೋಣಿಯ ಬಲಮಗ್ಗುಲು ಒಂದು ಕಲ್ಲಿಗೆ ಮೆಲ್ಲಗೆ ಉಜ್ಜಿತು. ಆಮೇಲೆ ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಅಂಥ ಸಣ್ಣ ಸದ್ದು.

"ಏನಲೇ ಅದು?" ಎಂದ ಬೀರಪ್ಪ.

ಬಲಗಡೆಯ ಕೊಳವೆ ಕಣ್ಣೆದುರೇ ಮೆತ್ತಗಾಗುತ್ತಿತ್ತು. ಆ ಮಗ್ಗುಲು ನೀರಿಗೆ ಬಾಗಿದ್ದೇ ತಡ, ದೋಣಿ ತಿರುಗಿ ಸೆಳವಿಗೆ ಸಿಕ್ಕಿತು. ದಂಡೆ ಎಡಕ್ಕಿತ್ತು, ನಾವು ಬಲಕ್ಕೆ ಹೋಗುತ್ತಿದ್ದೆವು. ನನ್ನ ಹುಟ್ಟು ನೀರಿಗಿಂತ ಗಾಳಿಯನ್ನೇ ಹೆಚ್ಚು ಹೊಡೆಯಿತು. ಮಲಪ್ರಭೆ ಕೊನೆಗೆ ಕೂಡಲಸಂಗಮವನ್ನೇ ಸೇರುತ್ತಾಳೆ ನಿಜ. ಇಷ್ಟು ಅವಸರದಲ್ಲಿ, ಅದೂ ಹೆಂಡತಿಯನ್ನು ಕರೆದುಕೊಂಡು, ಐಕ್ಯವಾಗುವ ಇಚ್ಛೆ ನನಗಿರಲಿಲ್ಲ. ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ಅವಳ ಹೆಸರನ್ನೂ ಕೂಗಲಾಗಲಿಲ್ಲ.

ಕೂಗಿದವಳು ಅವಳೇ. "ಕುಂಕುಮ ಹಾರಾಕತ್ತೈತಿ ನೋಡ್ರಿ ಇಲ್ಲಿ!"

ಊದಿನಕಡ್ಡಿ ವಾಲಿ ಸುಟ್ಟು ತೆಳುವಾಗಿಸಿದ್ದ ಜಾಗ ಕಲ್ಲಿಗೆ ತಾಗಿ ಬಾಯಿ ಬಿಟ್ಟಿತ್ತು. ಒಳಗಿನ ಗಾಳಿ ಕುಂಕುಮವನ್ನು ಪುರ್ರೆಂದು ಹಾರಿಸುತ್ತಿತ್ತು. ಗಿರಿಜಾ ಬಗ್ಗಿ ಆ ತೂತಿನ ಮೇಲೆ ತನ್ನ ಹೆಬ್ಬೆರಳು ಒತ್ತಿದಳು. ಸದ್ದು ನಿಂತಿತು.

"ಅಕ್ಕಾರ, ಬೆರಳು ಬಿಡಬ್ಯಾಡ್ರಿ!" ಎಂದು ಬೀರಪ್ಪ ಕೂಗುವಷ್ಟರಲ್ಲಿ ಕಲ್ಲುಗಳು ಬಂದವು. ದೋಣಿ ಎದ್ದಿತು, ಬಿದ್ದಿತು. ಬಿಳಿಯ ನೀರು ಮುಖಕ್ಕೆ ಬಡಿದು ಏನೂ ಕಾಣದಾಯಿತು. ಹಿಂದಿರುಗಿ ನೋಡಲು ಧೈರ್ಯವಿರಲಿಲ್ಲ; ಅವಳು ಅಲ್ಲಿ ಇರದಿದ್ದರೆ ಎಂಬ ಒಂದೇ ಯೋಚನೆ. ಎದೆಮಟ್ಟ ತುಂಬಿದ ನೀರು ತಳದ ತೂತುಗಳಿಂದ ಇಳಿದುಹೋಯಿತು. ಅರೆಉಬ್ಬಿದ ಕೊಳವೆಯನ್ನು ಉಳಿದ ಕೋಣೆಗಳ ಗಾಳಿ ಹೊತ್ತುಕೊಂಡಿತು. ಇದ್ದಕ್ಕಿದ್ದಂತೆ ಸದ್ದಡಗಿತು. ನಾವು ಮಡುವಿನಲ್ಲಿದ್ದೆವು.

ತಿರುಗಿದೆ. ಸೆರಗು ಎಲ್ಲೋ, ತುರುಬು ಎಲ್ಲೋ, ಕರದಂಟು ಹೊಳೆಯ ಪಾಲು. ಹೆಬ್ಬೆರಳು ಮಾತ್ರ ಇಟ್ಟಲ್ಲೇ ಇತ್ತು.

ಮರಳಿನ ದಂಡೆಗೆ ಹತ್ತಿದ ಮೇಲೂ ಅವಳು ಅದನ್ನು ತೆಗೆಯಲಿಲ್ಲ. "ಬಂತು, ದಂಡಿ ಬಂತು" ಎಂದು ನಾನೇ ಆ ಬೆರಳನ್ನು ಮೆಲ್ಲಗೆ ಬಿಡಿಸಿದೆ. ಕೆಂಪಗೆ ಮರಗಟ್ಟಿತ್ತು. ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀರಪ್ಪನೆದುರೇ, ನಾಚಿಕೆಬಿಟ್ಟು ಅತ್ತೆ. ಜೀವಮಾನವೆಲ್ಲ ಕಂಡಕಂಡ ಗಾಳಿಯನ್ನು ಒತ್ತಿ ನೋಡಿದ್ದು ನಾನು. ಒತ್ತಬೇಕಾದ ಹೊತ್ತಿಗೆ ಒತ್ತಿದವಳು ಅವಳು. ಬೀರಪ್ಪನೂ ಅಂದು ಗಾಳವನ್ನು ಚೀಲದಿಂದ ಹೊರತೆಗೆಯಲಿಲ್ಲ.

ಈ ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡೋಣ, ಇನ್ನು ಹೊಳೆಯ ಹೆಸರೆತ್ತುವುದಿಲ್ಲ ಎಂದೆ. ಗಿರಿಜಾ ಸೀರೆಯ ಸೆರಗು ಹಿಂಡುತ್ತ ಕಲ್ಲುಗಳ ಮೇಲಿನ ಬಿಳಿಯ ನೀರನ್ನೇ ಬಹಳ ಹೊತ್ತು ನೋಡಿದಳು.

"ಯಾಕ ಕೊಡೂದು? ತ್ಯಾಪಿ ಹಚ್ಚಿಸ್ರಿ," ಎಂದಳು. "ಮುಂದಿನ ಸಲ ತೂತು ನೀವು ಹಿಡೀರಿ. ಹುಟ್ಟು ನಾ ಹಿಡೀತೇನಿ."